ಬೋಟಿನೊಳಗೆ ಬಂದ ನೀರು ಹೊರಗೆ ಹೋಗುವ ದಾರಿ: ಡ್ರೇನ್, ಸ್ಕಪರ್, ಬಿಲ್ಜ್ ಪಂಪ್ ಸಮಗ್ರ ಮಾರ್ಗದರ್ಶಿ

ಬೋಟ್ ಅಂದ ಮೇಲೆ ಒಳಗೆ ನೀರು ಬಂದೇ ಬರುತ್ತದೆ. ಮಳೆ ಬೀಳುತ್ತದೆ, ಅಲೆ ಎರಚುತ್ತದೆ, ಈಜಿ ಬಂದ ಮಕ್ಕಳು ಒದ್ದೆ ಮೈಯಲ್ಲೇ ಹತ್ತಿ ಕೂರುತ್ತಾರೆ, ಆಂಕರ್ ಎಳೆದರೆ ಹಗ್ಗದ ಜೊತೆ ನೀರೂ ಬರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಬಂದ ನೀರು ಯಾವ ದಾರಿ ಹಿಡಿದು ಎಲ್ಲಿಗೆ ಹೋಗುತ್ತದೆ ಅಂತ ಬೋಟಿನ ಯಜಮಾನರಿಗೆ ಗೊತ್ತಿಲ್ಲದಿದ್ದರೆ ಮಾತ್ರ ಕಷ್ಟ. "ಪಂಪ್ ಇದೆಯಲ್ಲ" ಅಂತ ಸುಮ್ಮನಿರುವವರೇ ಜಾಸ್ತಿ. ಆದರೆ ಒಳ್ಳೆಯ ಬೋಟಿನಲ್ಲಿ ಮುಕ್ಕಾಲು ಪಾಲು ನೀರು ಪಂಪಿನ ಹತ್ತಿರ ಹೋಗಲೇಬಾರದು. ಇಳಿಜಾರು ಮತ್ತು ತೂತುಗಳೇ ಅದನ್ನು ಹೊರಗೆ ಕಳಿಸಬೇಕು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು 17ರಿಂದ 20 ಅಡಿಯ ಫೈಬರ್‌ಗ್ಲಾಸ್ ಬೋಟ್. ಹಿಂದೆ ಔಟ್‌ಬೋರ್ಡ್ ಎಂಜಿನ್, ಟ್ರೇಲರ್ ಮೇಲೆ ಎಳೆದುಕೊಂಡು ಹೋಗುವಂಥದ್ದು. ಅಮೆರಿಕ, ಕೆನಡಾದ ಕೆರೆಗಳಲ್ಲಿ ಎಲ್ಲಿ ನೋಡಿದರೂ ಇವೇ. ಅಲ್ಲಿರುವ ಕನ್ನಡಿಗರು ಮೊದಲ ಸಲ ಸೆಕೆಂಡ್‌ಹ್ಯಾಂಡ್ ಬೋಟ್ ಕೊಳ್ಳುವಾಗಲೂ ಸಾಮಾನ್ಯವಾಗಿ ಇಂಥದ್ದೇ ಸಿಗುತ್ತದೆ.

ಹಂತ 1: ನೀರಿಗೆ ಎರಡು ದಾರಿ

ಡೆಕ್ ಅಂದರೆ ನೀವು ನಿಲ್ಲುವ ನೆಲ. ಅದರ ಮೇಲೆ ಬಿದ್ದ ನೀರಿನ ಕಥೆ ಒಂದು, ಅದರ ಕೆಳಗೆ ಇಳಿದ ನೀರಿನ ಕಥೆ ಇನ್ನೊಂದು.

ಡೆಕ್ ಹೊರಗಿನ ನೀರಿನ ಮಟ್ಟಕ್ಕಿಂತ ಸ್ವಲ್ಪ ಎತ್ತರದಲ್ಲಿರುತ್ತದೆ. ತಾರಸಿಗೆ ಇಳಿಜಾರು ಕೊಟ್ಟು ಮೂಲೆಯಲ್ಲಿ ಪೈಪು ಬಿಟ್ಟ ಹಾಗೆ, ಡೆಕ್‌ಗೂ ಹಿಂದಕ್ಕೆ ಇಳಿಜಾರು ಕೊಟ್ಟು ಎರಡು ಮೂಲೆಯಲ್ಲಿ ತೂತು ಬಿಟ್ಟಿರುತ್ತಾರೆ. ಇವೇ ಸ್ಕಪರ್‌ಗಳು. ನೀರು ತನ್ನಷ್ಟಕ್ಕೆ ಹೊರಗೆ ಹರಿದುಹೋಗುತ್ತದೆ. ಕರೆಂಟೂ ಬೇಡ, ಸ್ವಿಚ್ಚೂ ಬೇಡ.

ಡೆಕ್ ಕೆಳಗೆ ಇಳಿದ ನೀರು ಹಲ್‌ನ, ಅಂದರೆ ಬೋಟಿನ ಒಡಲಿನ, ತೀರಾ ತಳಕ್ಕೆ ಹೋಗುತ್ತದೆ. ಆ ತಳದ ಜಾಗವೇ ಬಿಲ್ಜ್. ಅದು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿರುವುದರಿಂದ ಅಲ್ಲಿಂದ ನೀರು ತಾನಾಗಿ ಹೊರಗೆ ಹೋಗುವುದಿಲ್ಲ. ಬೋಟ್ ತೇಲುತ್ತಿರುವಾಗ ಪಂಪೇ ಎತ್ತಿ ಹಾಕಬೇಕು. ಟ್ರೇಲರ್ ಮೇಲಿರುವಾಗ ಹಿಂದಿನ ಡ್ರೇನ್ ಪ್ಲಗ್ ಬಿಚ್ಚಿದರೆ ಸಾಕು.

ಗೋಜಲು ಶುರುವಾಗುವುದು ನಡುವಿನ ಡಬ್ಬಿಗಳಲ್ಲಿ. ಆಂಕರ್ ಲಾಕರ್, ಸೀಟಿನ ಕೆಳಗಿನ ಜಾಗ, ಐಸ್ ಬಾಕ್ಸ್, ಮೀನು ಇಡುವ ಲೈವ್‌ವೆಲ್ ಒಂದೊಂದೂ ಒಂದೊಂದು ದಾರಿಗೆ ಸೇರಿರುತ್ತದೆ. ಆಂಕರ್ ಲಾಕರ್ ಕೆಲವು ಬೋಟುಗಳಲ್ಲಿ ಮೂತಿಯ ಪಕ್ಕದ ಸಣ್ಣ ತೂತಿನಿಂದ ನೇರ ಹೊರಗೆ ಖಾಲಿಯಾಗುತ್ತದೆ, ಇನ್ನು ಕೆಲವದರಲ್ಲಿ ಬಿಲ್ಜಿಗೆ. ಒಂದೇ ಕಂಪನಿಯ ಬೇರೆ ಬೇರೆ ಮಾಡೆಲ್‌ಗಳಲ್ಲೂ ಇದು ಬದಲಾಗುತ್ತದೆ. ಹಾಗಾಗಿ ಊಹೆ ಮಾಡಬೇಡಿ.

ಹಂತ 2: ಮನೆ ಅಂಗಳದಲ್ಲೇ ಪರೀಕ್ಷೆ

ಒಂದು ಬಿಡುವಿನ ಬೆಳಿಗ್ಗೆ ಸಾಕು. ಟ್ರೇಲರ್‌ನ ಜ್ಯಾಕ್ ತಿರುಗಿಸಿ ಮೂತಿಯನ್ನು ಎತ್ತರಿಸಿ. ಡ್ರೇನ್ ಪ್ಲಗ್ ಬಿಚ್ಚಿಡಿ. ಕೈತೋಟದ ಪೈಪ್ ತಂದು ಒಂದು ಸಲಕ್ಕೆ ಒಂದೇ ಡಬ್ಬಿಗೆ ನೀರು ಬಿಡಿ. ಜೊತೆಗೊಬ್ಬರು ಬೋಟಿನ ಸುತ್ತ ನಡೆದು ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಲಿ. ಅಡುಗೆಗೆ ಹಾಕುವ ಬಣ್ಣ ಒಂದೆರಡು ಹನಿ ಬೆರೆಸಿದರೆ ಯಾವ ಡಬ್ಬಿಯ ನೀರು ಯಾವುದು ಅನ್ನುವ ಗೊಂದಲ ಇರುವುದಿಲ್ಲ.

ಆಂಕರ್ ಲಾಕರ್‌ನಿಂದ ಶುರು ಮಾಡಿ, ಹಿಂದಕ್ಕೆ ಬನ್ನಿ. ಬೋಟಿನ ಆಕಾರವನ್ನು ಕಾಗದದ ಮೇಲೆ ಬರೆದು, ನೀರು ಹೋದ ದಾರಿಗೆ ಬಾಣದ ಗುರುತು ಹಾಕುತ್ತಾ ಹೋಗಿ. ನೀರು ಬಿಟ್ಟ ಎಷ್ಟೋ ಹೊತ್ತಿನ ಮೇಲೆ ಬಂದರೆ ದಾರಿಯಲ್ಲಿ ಕಸ ಕಟ್ಟಿದೆ ಅಂತ ಅರ್ಥ. ಬಿಟ್ಟ ನೀರು ಎಲ್ಲೂ ಬರಲೇ ಇಲ್ಲ ಅಂದರೆ ಅದು ಇನ್ನೂ ಕೆಟ್ಟದ್ದು. ಒಳಗೆ ಎಲ್ಲೋ ಕೂತಿದೆ.

ನೇರ ಹೊರಗೆ ಹೋಗಬೇಕಾದ ಸ್ಕಪರ್ ನೀರು ಡ್ರೇನ್ ಪ್ಲಗ್ ತೂತಿನಿಂದ ಬರುತ್ತಿದೆಯಾ? ಅಲ್ಲಿ ನಿಲ್ಲಿ. ಡೆಕ್ ಕೆಳಗಿನ ಹೋಸ್ ಒಡೆದಿದೆ ಅಥವಾ ಕ್ಲಾಂಪ್ ಸಡಿಲವಾಗಿದೆ. ಈ ಪರೀಕ್ಷೆಯಲ್ಲಿ ಸಿಗುವ ಅತಿ ಮುಖ್ಯ ಸುಳಿವು ಇದೇ.

ಹಂತ 3: ಡ್ರೇನ್ ಪ್ಲಗ್

ಎಂಜಿನ್ ತೂಗುಹಾಕಿರುವ ಹಿಂದಿನ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ಅದರ ಕೆಳಗಡೆ, ನಟ್ಟನಡುವೆ, ಸುಮಾರು 25 ಮಿ.ಮೀ. ಅಗಲದ ತೂತು. ಅದಕ್ಕೆ ಹಿತ್ತಾಳೆ, ಕಂಚು ಅಥವಾ ಪ್ಲಾಸ್ಟಿಕ್‌ನ ತಿರುಪು ಪ್ಲಗ್, ಇಲ್ಲವೇ ಲಿವರ್ ಮಡಚಿದರೆ ಉಬ್ಬಿ ಕೂರುವ ರಬ್ಬರ್ ಪ್ಲಗ್.

ಲೆಕ್ಕ ನೋಡೋಣ. ನೀರಿನ ಮಟ್ಟದಿಂದ 30 ಸೆಂ.ಮೀ. ಕೆಳಗೆ 25 ಮಿ.ಮೀ. ತೂತು ತೆರೆದಿದ್ದರೆ ನಿಮಿಷಕ್ಕೆ 40 ಲೀಟರಿಗೂ ಜಾಸ್ತಿ ನೀರು ಒಳಗೆ ನುಗ್ಗುತ್ತದೆ. ಹತ್ತು ನಿಮಿಷದಲ್ಲಿ 400 ಲೀಟರ್, ಅಂದರೆ 400 ಕಿಲೋ. ಅಷ್ಟು ಹೊತ್ತಿಗೆ ಬೋಟ್ ಇನ್ನೂ ಕೆಳಗೆ ಕೂತಿರುತ್ತದೆ, ಬ್ಯಾಟರಿಗೆ ನೀರು ತಾಗುವ ಕಾಲ ಬಂದಿರುತ್ತದೆ. ಬೋಟ್ ನೀರಿಗಿಳಿಸುವ ರ‍್ಯಾಂಪ್‌ನಲ್ಲಿ ಪರಿಚಯವಿಲ್ಲದವರೂ "ಪ್ಲಗ್ ಹಾಕಿದ್ದೀರಾ?" ಅಂತ ಕೇಳುವುದು ಸುಮ್ನೆ ಅಲ್ಲ.

ಪ್ಲಗ್ ಹಾಕುವಾಗ ತಿರುಪಿನ ಥ್ರೆಡ್‌ಗೆ ಮರಳು ಮೆತ್ತಿದೆಯಾ ನೋಡಿ, ಓ-ರಿಂಗ್ ಅನ್ನುವ ರಬ್ಬರ್ ಉಂಗುರದ ಮೇಲೆ ಬೆರಳಾಡಿಸಿ. ಒಣಗಿ ಬಿರುಕು ಬಿಟ್ಟಿದ್ದರೆ ಬದಲಿಸಿ, ಅದರ ಬೆಲೆ ಏನೂ ಅಲ್ಲ. ತಿರುಪನ್ನು ಕೈಯಲ್ಲೇ ಬಿಗಿ ಮಾಡಿ, ಆಮೇಲೆ ಸ್ಪ್ಯಾನರ್‌ನಲ್ಲಿ ಸ್ವಲ್ಪವೇ ಸಾಕು. ಹಿತ್ತಾಳೆ ಮೆದು, ಜಾಸ್ತಿ ಬಿಗಿ ಮಾಡಿದರೆ ಥ್ರೆಡ್ಡೇ ಹೋಗುತ್ತದೆ. ರಬ್ಬರ್ ಪ್ಲಗ್ ಆದರೆ, ಹಾಕಿದ ಮೇಲೆ ಎಳೆದು ನೋಡಿ. ಬೋಟಿನಲ್ಲಿ ಇನ್ನೊಂದು ಪ್ಲಗ್ ಯಾವಾಗಲೂ ಇರಲಿ, ಒಳಗಿನಿಂದಲೂ ಹಾಕಬಹುದಾದ ರಬ್ಬರಿನದ್ದೇ ಆದರೆ ಇನ್ನೂ ಒಳ್ಳೆಯದು.

"ವೇಗವಾಗಿ ಓಡಿಸುವಾಗ ಪ್ಲಗ್ ತೆಗೆದರೆ ನೀರು ತಾನಾಗಿ ಹೊರಗೆ ಎಳೆದುಕೊಂಡು ಹೋಗುತ್ತೆ" ಅಂತ ಹೇಳುವವರಿದ್ದಾರೆ. ಮಾತು ಸುಳ್ಳಲ್ಲ. ಆದರೆ ಎಂಜಿನ್ ನಿಂತ ಕ್ಷಣ ಅದೇ ತೂತಿನಿಂದ ನೀರು ವಾಪಸ್ ಬರುತ್ತದೆ. ನನ್ನ ಕೇಳಿದರೆ ಬೇಡ.

ಅಮೆರಿಕದ ಮಿನೆಸೋಟದಂಥ ರಾಜ್ಯಗಳಲ್ಲಿ ಕೆರೆಯಿಂದ ಹೊರಟ ಮೇಲೆ ಪ್ಲಗ್ ಬಿಚ್ಚಿ, ನೀರು ಖಾಲಿ ಮಾಡಿ, ಬಿಚ್ಚಿಟ್ಟೇ ರಸ್ತೆಯಲ್ಲಿ ಬೋಟ್ ಸಾಗಿಸಬೇಕು ಅಂತ ಕಾನೂನೇ ಇದೆ. ಕಾರಣ ಜೀಬ್ರಾ ಮಸಲ್ ಅನ್ನುವ ಸಣ್ಣ ಚಿಪ್ಪುಜೀವಿ. ಉತ್ತರ ಅಮೆರಿಕದ ಮಹಾಸರೋವರಗಳ ಸೀಮೆಯಲ್ಲಿ ಇದು 1988ರಲ್ಲಿ ಲೇಕ್ ಸೇಂಟ್ ಕ್ಲೇರ್‌ನಲ್ಲಿ ಕಣ್ಣಿಗೆ ಬಿತ್ತು. ಇದರ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ. ಬಿಲ್ಜ್ ಮತ್ತು ಲೈವ್‌ವೆಲ್‌ನಲ್ಲಿ ಉಳಿದ ಸ್ವಲ್ಪ ನೀರಿನಲ್ಲೇ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಿಬಿಡುತ್ತವೆ.

ಹಂತ 4: ಸ್ಕಪರ್‌ಗಳು, ಅವುಗಳ ಹಿಂದಿನ ಹೋಸ್

ಸ್ಕಪರ್ ನೀರನ್ನು ಹೊರಗೆ ಬಿಡಬೇಕು, ಒಳಗೆ ಬಿಡಬಾರದು. ಅದಕ್ಕೆ ಹೊರಗಡೆ ರಬ್ಬರ್ ಮುಚ್ಚಳ ಇರುತ್ತದೆ, ಇಲ್ಲವೇ ಒಳಗೊಂದು ತೇಲುವ ಚೆಂಡು. ಹೊರಗಿನ ನೀರು ತಳ್ಳಿದರೆ ಮುಚ್ಚಿಕೊಳ್ಳುತ್ತದೆ. ರಬ್ಬರ್ ಬಿಸಿಲಿಗೆ ಸೊಟ್ಟಗಾಗುತ್ತದೆ. ಚೆಂಡಿನ ಜಾಗದಲ್ಲಿ ಮೀನಿನ ಹುರುಪೆ, ಎಲೆ ಸಿಕ್ಕಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಬೆರಳು ಹಾಕಿ ನೋಡಿದರೆ ಸಾಕು.

ಇಬ್ಬರು ದಪ್ಪಗಿನವರು ಹಿಂದೆ ನಿಂತರೆ ಕಾಲಿಗೆ ನೀರು ತಾಗುತ್ತದೆ ಅನ್ನುವ ದೂರು ಹಳೆಯ ಬೋಟುಗಳಲ್ಲಿ ಬಹಳ. ಬೋಟ್ ಮಾಡುವಾಗ ಹಗುರವಾದ ಟೂ-ಸ್ಟ್ರೋಕ್ ಎಂಜಿನ್ ಲೆಕ್ಕದಲ್ಲಿ ಡೆಕ್ ಎತ್ತರ ಇಟ್ಟಿರುತ್ತಾರೆ. ಆಮೇಲೆ ಯಾರೋ ಭಾರದ ಫೋರ್-ಸ್ಟ್ರೋಕ್ ಕೂರಿಸಿರುತ್ತಾರೆ, ಹಿಂದೆಯೇ ಎರಡು ಬ್ಯಾಟರಿ ಇಟ್ಟಿರುತ್ತಾರೆ. ಸ್ಕಪರ್ ನೀರಿನ ಮಟ್ಟಕ್ಕೆ ಇಳಿದಿರುತ್ತದೆ. ಮುಚ್ಚಳ ಬದಲಿಸುವ ಮೊದಲು ಬ್ಯಾಟರಿಯನ್ನು ಸ್ಟೀರಿಂಗ್ ಇರುವ ನಡುವಿನ ಕನ್ಸೋಲ್ ಒಳಗೆ ಸರಿಸಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಹೆಚ್ಚು ಹುಷಾರಾಗಿರಬೇಕಾದ್ದು ಕಣ್ಣಿಗೆ ಕಾಣದ ಹೋಸ್ ಬಗ್ಗೆ. ಡೆಕ್‌ನ ತೂತಿನಿಂದ ಹಲ್‌ನ ತೂತಿನವರೆಗೆ ಒಂದು ಹೋಸ್ ಹೋಗಿರುತ್ತದೆ. ಹಲ್ ಬದಿಯ ತುದಿ ಒಮ್ಮೊಮ್ಮೆ ನೀರಿನ ಮಟ್ಟದಲ್ಲೇ ಇರುತ್ತದೆ. ಆ ಹೋಸ್ ಬಿರುಕು ಬಿಟ್ಟರೆ ಕೆರೆಯ ನೀರಿಗೆ ಬಿಲ್ಜಿನೊಳಗೆ ನೇರ ಬಾಗಿಲು ಸಿಕ್ಕಂತೆ. ಡೆಕ್‌ನ ಮುಚ್ಚಳ, ಅಂದರೆ ಹ್ಯಾಚ್, ತೆಗೆದು ಟಾರ್ಚ್ ಹಿಡಿದು ನೋಡಿ. ಹೋಸ್ ಅನ್ನು ಬಗ್ಗಿಸಿ, ಹೊರಮೈಯಲ್ಲಿ ಸೀಳು ಕಂಡರೆ ಬದಲಿಸಿ. ಜಾಗ ಇದ್ದಲ್ಲಿ ಒಂದೊಂದು ತುದಿಗೆ ಎರಡೆರಡು ಸ್ಟೇನ್‌ಲೆಸ್ ಕ್ಲಾಂಪ್ ಹಾಕಿ. ಹಲ್‌ಗೆ ಹಾಕಿರುವ ಬಿಳಿ ಪ್ಲಾಸ್ಟಿಕ್ ಫಿಟ್ಟಿಂಗ್‌ನ ಅಂಚನ್ನು ಉಗುರಿನಲ್ಲಿ ಗೀರಿ. ಪುಡಿ ಉದುರಿದರೆ ಬಿಸಿಲು ಅದರ ಕಥೆ ಮುಗಿಸಿದೆ. ಕಂಚು ಅಥವಾ ಸ್ಟೇನ್‌ಲೆಸ್ ಹಾಕಿಸಿ.

ಹಂತ 5: ತಳದ ಸಣ್ಣ ತೂತುಗಳು

ಹಲ್‌ಗೆ ಗಟ್ಟಿ ಬರಲಿ ಅಂತ ಒಳಗೆ ಉದ್ದಕ್ಕೂ ಅಡ್ಡಕ್ಕೂ ತೊಲೆಗಳಿರುತ್ತವೆ. ನೀರು ಅವುಗಳನ್ನು ದಾಟಿ ಹಿಂದಕ್ಕೆ ಬರಬೇಕಲ್ಲ, ಅದಕ್ಕಾಗಿ ತೊಲೆಗಳ ಬುಡದಲ್ಲಿ ಲಿಂಬರ್ ಹೋಲ್ ಅನ್ನುವ ಸಣ್ಣ ತೂತು ಬಿಟ್ಟಿರುತ್ತಾರೆ. ಹಳೇ ಕಾಲದ ಮರದ ಹಡಗುಗಳಲ್ಲಿ ಈ ತೂತುಗಳ ಮೂಲಕ ಉದ್ದನೆ ಸರಪಳಿಯನ್ನೇ ಹಾಯಿಸಿರುತ್ತಿದ್ದರು. ಕಸ ಕಟ್ಟಿದರೆ ಸರಪಳಿಯನ್ನು ಹಿಂದೆ ಮುಂದೆ ಎಳೆದರೆ ಸಾಕು, ದಾರಿ ತೆರೆಯುತ್ತಿತ್ತು. ನಮ್ಮ ಬೋಟಿಗೆ ಬಾಟಲಿ ತೊಳೆಯುವ ಬ್ರಷ್, ಬಗ್ಗುವ ತಂತಿ ಸಾಕು.

ಹಳೆಯ ಫೈಬರ್ ಬೋಟುಗಳಲ್ಲಿ ತೊಲೆಯ ಒಳಗೆ ಪ್ಲೈವುಡ್ ಇರುತ್ತದೆ. ತೂತಿನ ಅಂಚಿನಲ್ಲಿ ಮರ ಬರಿದಾಗಿದ್ದರೆ ಅದು ನೀರು ಕುಡಿಯುತ್ತದೆ, ಕೊಳೆಯುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಒಣಗಿಸಿ ಎಪಾಕ್ಸಿ ಅಂಟು ಬಳಿಯಿರಿ. ಮೆತ್ತಗೆ ಒಳಗೆ ಹೋದರೆ ರಿಪೇರಿಯವರಿಗೆ ತೋರಿಸಿ. ಇನ್ನೊಂದು ಮಾತು: ನೀರು ಬೇಗ ಹೋಗಲಿ ಅಂತ ನೀವೇ ಹೊಸ ತೂತು ಕೊರೆಯಬೇಡಿ. ಕೆಲವು ಡಬ್ಬಿಗಳನ್ನು ಬೇಕಂತಲೇ ಬೇರೆಯಾಗಿ ಮುಚ್ಚಿರುತ್ತಾರೆ. ಒಂದು ಕಡೆ ನೀರು ತುಂಬಿದರೂ ಬೋಟ್ ತೇಲಲಿ ಅಂತ.

ಫೋಮ್ ತುಂಬಿದ ಬೋಟುಗಳು

ಇದು ಹಂತವಲ್ಲ, ಎಚ್ಚರಿಕೆ. ಬಾಸ್ಟನ್ ವೇಲರ್ ಕಂಪನಿಯ 13 ಅಡಿ ಬೋಟ್ 1958ರಲ್ಲಿ ಬಂತು. ಎರಡು ಫೈಬರ್ ಪದರಗಳ ನಡುವೆ ಫೋಮ್ ತುಂಬಿ ಮಾಡಿದ್ದು. 1961ರಲ್ಲಿ ಕಂಪನಿಯ ಸ್ಥಾಪಕ ಡಿಕ್ ಫಿಶರ್ ಅದರಲ್ಲಿ ಕೂತಿರುವಾಗಲೇ ಬೋಟನ್ನು ಗರಗಸದಿಂದ ಅರ್ಧಕ್ಕೆ ಕೊಯ್ದ ಚಿತ್ರಗಳು ಲೈಫ್ ಪತ್ರಿಕೆಯಲ್ಲಿ ಬಂದವು. ಅರ್ಧ ಬೋಟೂ ತೇಲಿತು. ಇಂಥ ಹಳೆಯ ವೇಲರ್‌ಗಳಲ್ಲಿ ನಾವು ಹೇಳುವ ಅರ್ಥದ ಬಿಲ್ಜೇ ಇಲ್ಲ. ನೆಲದ ನೀರು ಹಿಂದಿನ ಗುಂಡಿಗೆ ಬಂದು, ಟ್ರಾನ್ಸಮ್ ದಾಟುವ ಹಿತ್ತಾಳೆ ಕೊಳವೆಯಿಂದ ಹೊರಗೆ ಹೋಗುತ್ತದೆ.

ಕಷ್ಟ ಇರುವುದು ಆ ಕೊಳವೆಯಲ್ಲೇ. ಉಪ್ಪುನೀರು ಹಿತ್ತಾಳೆಯಲ್ಲಿನ ಸತುವನ್ನು ಎಳೆದುಕೊಂಡು ಹೋಗುತ್ತದೆ. ಹಳದಿ ಲೋಹ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಪುಡಿಪುಡಿಯಾಗುತ್ತದೆ, ಸೂಜಿಮೊನೆಯಂಥ ತೂತು ಬೀಳುತ್ತದೆ. ಆಮೇಲೆ ನೀರು ಹೊರಗೂ ಹೋಗದೆ ಒಳಗೂ ಕಾಣದೆ, ಪಕ್ಕದ ಮರ ಮತ್ತು ಫೋಮ್‌ಗೆ ಇಳಿಯುತ್ತದೆ. ಕೊಳವೆ ಗುಲಾಬಿಯಾಗಿದ್ದರೆ ಕಾಯಬೇಡಿ. ಹಳೆಯದನ್ನು ಕಿತ್ತು, ಒಳಗಿನ ಮರ ಪೂರ್ತಿ ಒಣಗಲು ಬಿಟ್ಟು, ಸುತ್ತ ಎಪಾಕ್ಸಿ ಬಳಿದು, ಹೊಸ ಕೊಳವೆಯನ್ನು ಓ-ರಿಂಗ್ ಮತ್ತು ಬೋಟಿನ ಸೀಲೆಂಟ್ ಹಾಕಿ ಕೂರಿಸಿ, ತುದಿಯನ್ನು ಅದರದ್ದೇ ಟೂಲ್‌ನಿಂದ ಮಡಚಬೇಕು. ಬಾತ್‌ರೂಮಿನ ಸಿಲಿಕೋನ್ ಇಲ್ಲಿ ಬೇಡ. ಆಮೇಲೆ ಅದರ ಮೇಲೆ ಬೇರೆ ಏನೂ ಅಂಟುವುದಿಲ್ಲ.

ಫೋಮ್ ನೀರು ಕುಡಿದಿದೆಯಾ ಅಂತ ನೋಡಲು ಸುಲಭ ದಾರಿ ಲಾರಿ ತೂಗುವ ವೇ-ಬ್ರಿಜ್. ಟ್ರೇಲರ್ ಸಮೇತ ತೂಗಿಸಿ, ಟ್ರೇಲರ್, ಎಂಜಿನ್, ಪೆಟ್ರೋಲ್ ತೂಕ ಕಳೆದು, ಕಂಪನಿ ಹೇಳಿರುವ ಹಲ್ ತೂಕದ ಜೊತೆ ಹೋಲಿಸಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವ ಮುಂಚೆಯೇ ಇದನ್ನು ಮಾಡಿದರೆ ಚೌಕಾಸಿಗೂ ಅನುಕೂಲ.

ಹಂತ 6: ಬಿಲ್ಜ್ ಪಂಪ್

ಡಬ್ಬದ ಮೇಲೆ 1100 ಅಂತ ಬರೆದಿದ್ದರೆ ಅದು ಗಂಟೆಗೆ 1100 ಗ್ಯಾಲನ್. ಲೀಟರ್ ಲೆಕ್ಕದಲ್ಲಿ 4160, ನಿಮಿಷಕ್ಕೆ 69. ಆದರೆ ಇದು ಹೋಸ್ ಇಲ್ಲದೆ, ನೀರನ್ನು ಮೇಲೆತ್ತದೆ, ಚಾರ್ಜ್ ಆಗುತ್ತಿರುವ ಬ್ಯಾಟರಿಯ ವೋಲ್ಟೇಜ್ ಕೊಟ್ಟು ಅಳೆದದ್ದು. ನಿಮ್ಮ ಬೋಟಿನಲ್ಲಿ ನೀರು ಒಂದು ಮೀಟರ್ ಮೇಲೇರಬೇಕು, ಹೋಸ್‌ನಲ್ಲಿ ಎರಡು ತಿರುವು, ವೈರ್ ಸಣ್ಣದು. ಅರ್ಧ ಸಿಕ್ಕರೆ ಪುಣ್ಯ. ನಿಮಿಷಕ್ಕೆ 35 ಲೀಟರ್ ಅಂತ ಇಟ್ಟುಕೊಳ್ಳಿ. ಪ್ಲಗ್ ಇಲ್ಲದ ತೂತಿನಿಂದ ಬರುವುದು 40ಕ್ಕೂ ಜಾಸ್ತಿ. ಪ್ಲಗ್ ಮರೆತವರನ್ನು ಪಂಪ್ ಯಾಕೆ ಉಳಿಸುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ.

ಕೂರಿಸುವಾಗ ಹೋಸ್ ಒಳಗೆ ನುಣುಪಾಗಿರಲಿ. ಉಂಗುರ ಉಂಗುರದ ಅಗ್ಗದ ಹೋಸ್ ನೀರನ್ನು ತಡೆಯುತ್ತದೆ. ಪಂಪಿನಿಂದ ಹೊರತುದಿಯವರೆಗೆ ಹೋಸ್ ಏರುತ್ತಲೇ ಹೋಗಬೇಕು, ನಡುವೆ ಜೋತು ಬಿದ್ದರೆ ಗಾಳಿ ಸಿಕ್ಕಿಕೊಂಡು ಪಂಪ್ ಬರೀ ಸದ್ದು ಮಾಡುತ್ತದೆ. ಹೊರತುದಿ ನೀರಿನ ಮಟ್ಟಕ್ಕಿಂತ ಚೆನ್ನಾಗಿ ಮೇಲಿರಲಿ. ಇಲ್ಲದಿದ್ದರೆ ಪಂಪ್ ನಿಂತ ಮೇಲೆ ಹೊರಗಿನ ನೀರು ಅದೇ ಹೋಸ್‌ನಲ್ಲಿ ಒಳಗೆ ಬರುತ್ತದೆ.

ಪಂಪ್ ನಿಂತಾಗ ಹೋಸ್‌ನಲ್ಲಿದ್ದ ನೀರು ಬಿಲ್ಜಿಗೆ ವಾಪಸ್ ಬೀಳುತ್ತದೆ. 28 ಮಿ.ಮೀ. ಹೋಸ್ ಎರಡು ಮೀಟರ್ ಇದ್ದರೆ ಒಂದೂಕಾಲು ಲೀಟರ್. ಇದನ್ನು ತಪ್ಪಿಸಲು, ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಹಾಕುವವರಿದ್ದಾರೆ. ನಾನು ಹಾಕಬೇಡಿ ಅನ್ನುತ್ತೇನೆ. ಕೂದಲು, ಎಲೆ ಸಿಕ್ಕಿ ವಾಲ್ವ್ ಕೂತುಬಿಟ್ಟರೆ, ಬೇಕಾದ ಹೊತ್ತಿಗೆ ಪಂಪ್ ನೀರು ತಳ್ಳುವುದೇ ಇಲ್ಲ. ಒಂದು ಲೀಟರ್ ನೀರು ತಳದಲ್ಲಿದ್ದರೆ ಏನೂ ಮುಳುಗುವುದಿಲ್ಲ.

ನೀರು ಬಂದಾಗ ತಾನಾಗಿ ಪಂಪ್ ಓಡಿಸುವುದು ಫ್ಲೋಟ್ ಸ್ವಿಚ್. ಅದರ ವೈರ್ ಬ್ಯಾಟರಿಗೆ ನೇರ ಹೋಗಬೇಕು, ನಡುವೆ ಸರಿಯಾದ ಫ್ಯೂಸ್, ಬ್ಯಾಟರಿಗೆ ಹತ್ತಿರದಲ್ಲೇ. ಮೇನ್ ಸ್ವಿಚ್ ಆಫ್ ಮಾಡಿ ಮನೆಗೆ ಹೋದ ಮೇಲೂ ಅದು ಕೆಲಸ ಮಾಡಬೇಕು ತಾನೇ? ಸ್ಟೀರಿಂಗ್ ಹತ್ತಿರ ಇನ್ನೊಂದು ಕೈ ಸ್ವಿಚ್, ಪಂಪ್ ಓಡುವಾಗ ಉರಿಯುವ ಒಂದು ದೀಪ ಇರಲಿ. ವೈರ್ ಜೋಡಣೆಗಳನ್ನು ಆದಷ್ಟು ಮೇಲೆ ಕಟ್ಟಿ, ಬಿಸಿ ಮಾಡಿದರೆ ಬಿಗಿದು ಕೂರುವ ಹೀಟ್-ಶ್ರಿಂಕ್ ಕೊಳವೆ ಹಾಕಿ. ಬಿಲ್ಜ್ ಪಂಪ್ ಕೆಟ್ಟಿದೆ ಅಂತ ಬಂದವುಗಳಲ್ಲಿ ಮೋಟರ್ ಸರಿ ಇದ್ದು, ಜೋಡಣೆ ಹಸಿರು ತುಕ್ಕು ಹಿಡಿದಿರುವುದೇ ಜಾಸ್ತಿ.

ಬ್ಯಾಟರಿ ಲೆಕ್ಕವನ್ನೂ ತಿಳಿದಿರಿ. ಈ ಅಳತೆಯ ಪಂಪ್ ಸುಮಾರು 3 ಆಂಪ್ ಎಳೆಯುತ್ತದೆ. ಸಾವಿರ ಲೀಟರ್ ಮಳೆನೀರು ಎತ್ತಿ ಹಾಕಲು ಅರ್ಧ ಗಂಟೆ, ಅಂದರೆ ಒಂದೂವರೆ ಆಂಪ್-ಅವರ್. ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ಅದೇ ಎಲ್ಲೋ ಸೋರುತ್ತಿದ್ದು ಪಂಪ್ ದಿನಪೂರ್ತಿ ಓಡಿದರೆ 72. ಬ್ಯಾಟರಿ ಸತ್ತಿತು, ಆಮೇಲೆ ಬೋಟ್ ಕೂಡ. ಜೆಟ್ಟಿಯಲ್ಲಿ ಕಟ್ಟಿಟ್ಟ ಬೋಟಿನ ಪಂಪ್ ಮಳೆ ಇಲ್ಲದ ದಿನವೂ ಓಡುತ್ತಿದ್ದರೆ, ಪಂಪ್ ಚೆನ್ನಾಗಿದೆ ಅಂತ ಖುಷಿಪಡದೆ ಸೋರಿಕೆ ಹುಡುಕಿ.

ಪರೀಕ್ಷೆಗೆ ಬಿಲ್ಜಿಗೆ ಎರಡು ಬಕೆಟ್ ನೀರು ಸುರಿದು, ಫ್ಲೋಟ್ ತಾನಾಗಿ ಏಳುತ್ತದಾ, ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ನೋಡಿ. ಸ್ವಿಚ್ ಒತ್ತಿದಾಗ ಸದ್ದು ಬಂದರೆ ಪರೀಕ್ಷೆ ಆಯಿತು ಅಂದುಕೊಳ್ಳಬೇಡಿ. ಹೊರಗೆ ನೀರು ಬೀಳುವುದು ಕಣ್ಣಿಗೆ ಕಾಣಬೇಕು.

ಹಂತ 7: ಸೋರಿಕೆ ಎಲ್ಲಿಂದ?

ಬಿಲ್ಜನ್ನು ಪೂರ್ತಿ ಒರೆಸಿ ಒಣಗಿಸಿ. ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ. ನೀರು ಬಂದಾಗ ಪೌಡರ್ ಮೇಲೆ ಗೆರೆ ಬೀಳುತ್ತದೆ, ಗೆರೆ ಹಿಡಿದು ಮೇಲಕ್ಕೆ ಹೋದರೆ ಮೂಲ ಸಿಗುತ್ತದೆ.

ಯಾವಾಗ ಬರುತ್ತದೆ ಅನ್ನುವುದೇ ಅರ್ಧ ಉತ್ತರ. ಮಳೆ ಬಂದಾಗ ಮಾತ್ರವಾದರೆ ಹ್ಯಾಚ್ ಅಂಚು, ಡೆಕ್ ಮೇಲಿನ ಸ್ಕ್ರೂಗಳು. ಸುಮ್ನೆ ಕಟ್ಟಿಟ್ಟಾಗಲೂ ಬಂದರೆ ನೀರಿನ ಮಟ್ಟದ ಕೆಳಗಿನ ಫಿಟ್ಟಿಂಗ್, ಪ್ಲಗ್. ಓಡುವಾಗ ಮಾತ್ರವಾದರೆ ಹಲ್‌ನ ಬಿರುಕು ಅಥವಾ ಟ್ರಾನ್ಸಮ್ ಬೋಲ್ಟ್. ಲೈವ್‌ವೆಲ್ ಪಂಪ್ ಹಾಕಿದಾಗ ಮಾತ್ರವಾದರೆ ಅದರ ಹೋಸ್, ಅನುಮಾನವೇ ಬೇಡ. ಸಮುದ್ರದಲ್ಲಿದ್ದರೆ ನಾಲಿಗೆ ತುದಿಗೆ ಒಂದು ಹನಿ ತಾಗಿಸಿ: ಉಪ್ಪಾದರೆ ಕೆಳಗಿನಿಂದ ಅಥವಾ ಅಲೆಯಿಂದ, ಸಪ್ಪೆಯಾದರೆ ಮಳೆ. ಪೆಟ್ರೋಲ್ ಅಥವಾ ಎಣ್ಣೆ ವಾಸನೆ ಇದ್ದರೆ ಮಾತ್ರ ಈ ಸಾಹಸ ಬೇಡ.

ಪೆಟ್ರೋಲ್ ವಾಸನೆ ಬಂತು ಅಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಎಲ್ಲರನ್ನೂ ಇಳಿಸಿ, ಹ್ಯಾಚ್ ತೆರೆದು ಗಾಳಿಯಾಡಲು ಬಿಡಿ. ಎಣ್ಣೆ ಕಂಡರೆ ಪಂಪ್‌ನಿಂದ ಕೆರೆಗೆ ಬಿಡಬೇಡಿ. ಅಮೆರಿಕದಲ್ಲಿ ನೀರಿನ ಮೇಲೆ ಎಣ್ಣೆಯ ಹೊಳಪು ಕಾಣುವಷ್ಟು ಬಿಟ್ಟರೂ ಕಾನೂನಿಗೆ ವಿರುದ್ಧ. ಎಣ್ಣೆ ಹೀರುವ ದಿಂಬು ಸಿಗುತ್ತದೆ, ಒಂದನ್ನು ಬಿಲ್ಜಿನಲ್ಲಿ ಹಾಕಿಡಿ, ಪಂಪಿನ ಬಾಯಿಗೆ ಸಿಗದ ಹಾಗೆ ಕಟ್ಟಿ.

ಹಂತ 8: ನೀರಿನ ಮೇಲಿರುವಾಗ ತುಂಬತೊಡಗಿದರೆ

ಮೊದಲು ಎಲ್ಲರಿಗೂ ಲೈಫ್ ಜಾಕೆಟ್. ಪಂಪ್ ಆನ್. ಆಮೇಲೆ ಮೂಲ ಹುಡುಕಿ. ಪ್ಲಗ್ ಮರೆತಿದ್ದರೆ ಒಳಗಿನಿಂದ ರಬ್ಬರ್ ಪ್ಲಗ್ ತುರುಕಿ. ಹೋಸ್ ಕಳಚಿದ್ದರೆ ಚೂಪಾದ ಮೆದುಮರದ ಬೆಣೆ, ಅದೂ ಇಲ್ಲದಿದ್ದರೆ ಬಟ್ಟೆ ಸುತ್ತಿ ಗಟ್ಟಿಯಾಗಿ ಒತ್ತಿ. ಒಬ್ಬರು ಬಕೆಟ್ ಹಿಡಿದು ಮೊಗೆದು ಹಾಕುತ್ತಿರಲಿ.

ಒಳಗಿನ ನೀರು ಒಂದೇ ಕಡೆ ನಿಲ್ಲುವುದಿಲ್ಲ. ತಿರುವಿನಲ್ಲಿ ಪಕ್ಕಕ್ಕೆ ಓಡುತ್ತದೆ, ಬೋಟನ್ನು ಇನ್ನೂ ವಾಲಿಸುತ್ತದೆ. ಇನ್ನೂರು ಲೀಟರ್ ಅಂದರೆ ಮೂರು ಜನ ಒಟ್ಟಿಗೆ ಒಂದೇ ಬದಿಗೆ ಜಾರಿದ ಹಾಗೆ. ಜೋರಾಗಿ ತಿರುಗಿಸಬೇಡಿ. ಮೂತಿ ತಗ್ಗಿ ನೀರೆಲ್ಲ ಮುಂದೆ ಸೇರಿದ್ದರೆ ಹಿಂದಿನ ಪಂಪಿಗೆ ಅದು ಸಿಗುವುದೇ ಇಲ್ಲ. ಜನರನ್ನು ಹಿಂದಕ್ಕೆ ಕೂರಿಸಿ, ನಿಧಾನ ಮುಂದೆ ಓಡಿಸಿದರೆ ಮೂತಿ ಎದ್ದು ನೀರು ಪಂಪಿನ ಬಳಿಗೆ ಬರುತ್ತದೆ. ದಡ ಹತ್ತಿರವಿದ್ದರೆ ನೇರ ದಡಕ್ಕೆ.

ಹಂತ 9: ನಿಲ್ಲಿಸಿ ಇಡುವಾಗ

ಬೋಟಿನ ಬಾಯಿ ಹೆಚ್ಚುಕಡಿಮೆ ಹತ್ತು ಚದರ ಮೀಟರ್. 100 ಮಿ.ಮೀ. ಮಳೆ ಬಿದ್ದರೆ ಸಾವಿರ ಲೀಟರ್, ಒಂದು ಟನ್. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುವ ಮಂಗಳೂರು, ಉಡುಪಿ ಕಡೆಯವರಿಗೆ 100 ಮಿ.ಮೀ. ಅಂದರೆ ಆಷಾಢದ ಒಂದು ದಿನ, ಅಷ್ಟೇ. ಪ್ಲಗ್ ಹಾಕಿಯೇ ಅಂಗಳದಲ್ಲಿ ಬಿಟ್ಟ ಬೋಟಿನೊಳಗೆ ಆ ಟನ್ ಕೂತರೆ ಟ್ರೇಲರ್‌ನ ಟಯರು, ಸ್ಪ್ರಿಂಗು ತಡೆಯುವುದಿಲ್ಲ.

ಹಾಗಾಗಿ ಮೂತಿ ಮೇಲೆ, ಪ್ಲಗ್ ಹೊರಗೆ. ಹೊದಿಕೆ ಹಾಕುವಾಗ ನಡುವೆ ಕೋಲು ನಿಲ್ಲಿಸಿ, ಇಲ್ಲದಿದ್ದರೆ ಹೊದಿಕೆಯಲ್ಲೇ ಕೊಳ ಆಗುತ್ತದೆ. ಎಲೆ ಉದುರುವ ಮರದ ಕೆಳಗೆ ನಿಲ್ಲಿಸಿದ್ದರೆ ಡ್ರೇನ್ ತೂತಿಗೆ ಜಾಲರಿ ಸಿಕ್ಕಿಸಿ, ಇಲ್ಲವಾದರೆ ಜೇಡ, ಕಣಜ ಒಳಗೆ ಮನೆ ಮಾಡುತ್ತವೆ.

ಚಳಿದೇಶದಲ್ಲಿದ್ದರೆ ಇನ್ನೊಂದು ಕೆಲಸ ಇದೆ. ನೀರು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ 9 ಭಾಗ ಹಿಗ್ಗುತ್ತದೆ. ಪಂಪಿನ ಒಡಲು, ಲೈವ್‌ವೆಲ್ ಹೋಸ್, ಸ್ಕಪರ್‌ನ ತಗ್ಗು ಇಲ್ಲೆಲ್ಲ ಉಳಿದ ನೀರು ಪ್ಲಾಸ್ಟಿಕ್ಕನ್ನು ಸೀಳುತ್ತದೆ. ಹೋಸ್‌ಗಳ ಕೆಳತುದಿ ಬಿಚ್ಚಿ ಊದಿ ಖಾಲಿ ಮಾಡಿ, ಪಂಪನ್ನು ಬುಡದಿಂದ ಕಳಚಿ ಒರೆಸಿಡಿ. ಬಿಚ್ಚಿದ ಪ್ಲಗ್ಗನ್ನು ಎಂಜಿನ್ ಕೀ ಜೊತೆ ಒಂದೇ ದಾರಕ್ಕೆ ಕಟ್ಟಿ. ವಸಂತದಲ್ಲಿ ಕೀ ಹುಡುಕುವಾಗ ಪ್ಲಗ್ ತಾನಾಗಿ ಕೈಗೆ ಬರುತ್ತದೆ.